ಬಾಂದುಕಲ್ಲಿಗೆ ಆಕಾಶದ ಸಾಕ್ಷಿ

ಅಜ್ಜಂಪುರದಿಂದ ಎರಡು ಹರದಾರಿ ದೂರದಲ್ಲಿರುವ ನಮ್ಮ ಹಳ್ಳಿಯಲ್ಲಿ, ದೊಡ್ಡಪ್ಪನವರ ತೋಟಕ್ಕೂ ಅವರ ದಾಯಾದಿಯ ತೋಟಕ್ಕೂ ನಡುವೆ ಹನ್ನೊಂದು ತೆಂಗಿನ ಮರಗಳಿವೆ. ಅವು ಯಾರಿಗೆ ಸೇರಿದುವೆಂಬ ಪ್ರಶ್ನೆ ಒಂಬತ್ತು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು. ಈ ಅವಧಿಯಲ್ಲಿ ಆ ಮನೆಯಲ್ಲಿ ಎರಡು ಮದುವೆಗಳಾದುವು, ಈ ಮನೆಯಲ್ಲಿ ಒಂದು ಸಾವು ಸಂಭವಿಸಿತು. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಕಾಯಿಗಳು ಮಾತ್ರ ಒಣಗಿ ತಾವಾಗಿ ಬಿದ್ದು, ನಸುಕಿನಲ್ಲಿ ಮೊದಲು ಎದ್ದವರ ಪಾಲಾಗುತ್ತಿದ್ದುವು. ಗಡಿಯ ಮೂಲೆಯಲ್ಲಿ ಹಿಂದೊಂದು ಕಾಲಕ್ಕೆ ಬಾಂದುಕಲ್ಲು ಇದ್ದುದು ನಿಜ. ಉಳುಮೆಯಲ್ಲಿ ಕಿತ್ತುಹೋಯಿತೆಂದು ಒಬ್ಬರು, ಬೇಕೆಂದೇ ಕಿತ್ತುಹಾಕಿದರೆಂದು ಇನ್ನೊಬ್ಬರು. ಕೊನೆಗೆ ದೊಡ್ಡಪ್ಪನವರೇ ಹದ್ದುಬಸ್ತಿಗೆ ಅರ್ಜಿ ಕೊಟ್ಟರು.

ಮಾಘಮಾಸದ ಒಂದು ಬೆಳಿಗ್ಗೆ ಭೂಮಾಪಕರು ಬಂದರು. ಅವರ ಬಳಿ ಸರಪಳಿ ಇರಲಿಲ್ಲ. ಆಳೆತ್ತರದ ಒಂದು ಕೋಲು. ಕೋಲಿನ ತುದಿಯಲ್ಲಿ ಬಿಳಿಯ ಅಣಬೆಯಂಥ ಒಂದು ಡಬ್ಬಿ. ಕೈಯಲ್ಲಿ ಅಂಗೈಯಗಲದ ಒಂದು ಪರದೆ. ಕೋಲನ್ನು ನೆಲಕ್ಕೂರಿ, ಅದರ ನೆಟ್ಟಗಿನ ಗುಳ್ಳೆಯನ್ನು ಸರಿಪಡಿಸಿ, ಅವರು ಸುಮ್ಮನೆ ನಿಂತುಬಿಟ್ಟರು. ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿ ನನ್ನ ಕಡೆಗೆ ತಿರುಗಿದರು.

"ಏನಪ್ಪಾ ಮೇಷ್ಟ್ರೇ, ಇದು ಯಾವುದನ್ನ ನೋಡ್ಕೊಂಡು ಅಳೀತದೆ?"

"ಉಪಗ್ರಹ ನೋಡ್ಕೊಂಡು, ದೊಡ್ಡಪ್ಪ."

"ಆ ಉಪಗ್ರಹಕ್ಕೆ ನಮ್ಮ ತೋಟ ಕಾಣ್ತದೇನು?"

ಕಾಣುತ್ತದೆ ಎಂದೇ ನಾನು ಹೇಳಿಬಿಟ್ಟೆ. ಕಡೂರಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೆ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಭೂಮಾಪಕರು ನಕ್ಕರು, ಆದರೆ ತಿದ್ದಲಿಲ್ಲ. ಆ ನಗುವಿನ ಮುಳ್ಳು ಮನಸ್ಸಿನಲ್ಲಿ ಉಳಿದು, ಮುಂದಿನ ಕೆಲವು ತಿಂಗಳು ನಾನು ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಂಡುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡಬೇಕು: ಈ ಉಪಗ್ರಹಗಳಿಗೆ ನಮ್ಮ ತೋಟ ಕಾಣುವುದಿಲ್ಲ. ಅವು ಯಾರನ್ನೂ ನೋಡುವುದಿಲ್ಲ, ಯಾರನ್ನೂ ಹುಡುಕುವುದಿಲ್ಲ. ಅವು ಗಂಟೆ ಬಾರಿಸುತ್ತಿರುತ್ತವೆ, ಅಷ್ಟೆ. ಕೇಳಿಸಿಕೊಂಡು ಲೆಕ್ಕ ಹಾಕುವುದೆಲ್ಲ ಕೋಲಿನ ತುದಿಯ ಅಣಬೆಯ ಕೆಲಸ. ಅದನ್ನು ರಿಸೀವರ್ ಎನ್ನುತ್ತಾರೆ. ನಾವು ಗ್ರಾಹಕ ಎನ್ನೋಣ. ನಿಮ್ಮ ಜೇಬಿನ ಫೋನಿನಲ್ಲಿಯೂ ಅಂಥದೊಂದು ಅಡಗಿದೆ.

ಲೆಕ್ಕ ಹೇಗೆಂಬುದನ್ನು ತಿಳಿಯಲು ಆಕಾಶಕ್ಕೆ ಏರಬೇಕಾದುದಿಲ್ಲ. ನಮ್ಮ ಸೀಮೆಯೇ ಸಾಕು. ಭೂಪಟವನ್ನು ಬಿಡಿಸಿ ನೋಡಿದರೆ ಒಂದು ಚೆಲುವಾದ ಸಂಗತಿ ಕಾಣುತ್ತದೆ. ಕಡೂರೂ ಅಜ್ಜಂಪುರವೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಪೂರ್ವ ರೇಖಾಂಶ ೭೬ ಡಿಗ್ರಿಯ ಗೆರೆ ಎರಡು ಊರುಗಳ ಬದಿಯಲ್ಲಿಯೇ ಹಾದುಹೋಗುತ್ತದೆ. ತರೀಕೆರೆಯೂ ಅಜ್ಜಂಪುರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಆದಕಾರಣ ಅಜ್ಜಂಪುರದಲ್ಲಿ ನಿಂತವನಿಗೆ ತರೀಕೆರೆ ನೇರ ಪಶ್ಚಿಮಕ್ಕೆ, ಕಡೂರು ನೇರ ದಕ್ಷಿಣಕ್ಕೆ. ಹಕ್ಕಿ ಹಾರುವ ದಾರಿಯಲ್ಲಿ ಎರಡೂ ಸುಮಾರು ೨೦ ಕಿಲೋಮೀಟರು. ಶಾಲೆಯ ಮೂಲೆಮಟ್ಟವನ್ನು ಜಿಲ್ಲೆಯ ಮೇಲೆ ಇಟ್ಟಂತೆ.

ಈಗ ಈ ಮೂರು ಊರುಗಳಲ್ಲಿಯೂ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಒಂದೊಂದು ತೋಪು ಹಾರಿಸುತ್ತಾರೆಂದು ಭಾವಿಸಿ. ನೀವು ಎಲ್ಲಿಯೋ ಕಣ್ಣುಕಟ್ಟಿಸಿಕೊಂಡು ನಿಂತಿದ್ದೀರಿ, ಕೈಯಲ್ಲಿ ಗಡಿಯಾರವಿದೆ. ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಕಡೂರಿನ ತೋಪು ೨೧ ಸೆಕೆಂಡಿಗೆ ಕೇಳಿಸಿತು: ಕಡೂರಿಗೆ ಏಳು ಕಿಲೋಮೀಟರು. ಅಂದರೆ ಕಡೂರನ್ನು ಕೇಂದ್ರವಾಗಿಸಿ ಏಳು ಕಿಲೋಮೀಟರಿನ ವೃತ್ತವನ್ನೆಳೆದರೆ ನೀವು ಅದರ ಅಂಚಿನಲ್ಲಿ ಎಲ್ಲಿಯೋ ಇದ್ದೀರಿ. ಅಜ್ಜಂಪುರದ ತೋಪು ೪೫ ಸೆಕೆಂಡಿಗೆ: ಹದಿನೈದು ಕಿಲೋಮೀಟರು. ಎರಡು ವೃತ್ತಗಳು ಎರಡು ಕಡೆ ಒಂದನ್ನೊಂದು ಕತ್ತರಿಸುತ್ತವೆ. ತರೀಕೆರೆಯದು ೬೩ ಸೆಕೆಂಡಿಗೆ, ಇಪ್ಪತ್ತೊಂದು ಕಿಲೋಮೀಟರು. ಮೂರನೆಯ ವೃತ್ತ ಆ ಎರಡು ಬಿಂದುಗಳಲ್ಲಿ ಒಂದನ್ನು ಮುಟ್ಟುತ್ತದೆ. ಕಣ್ಣಿನ ಬಟ್ಟೆಯನ್ನು ಬಿಚ್ಚಿ ನೋಡಿದರೆ, ನೀವು ಬೀರೂರಿನಲ್ಲಿದ್ದೀರಿ! ಕಾಫಿ ಕುಡಿದು ರೈಲಿಗೆ ಹೋಗಬಹುದು.

ಇದೇ ಉಪಗ್ರಹ ಸ್ಥಾನನಿರ್ಣಯದ ತಿರುಳು. ತೋಪಿನ ಬದಲು ಉಪಗ್ರಹ. ಶಬ್ದದ ಬದಲು ರೇಡಿಯೋ ಅಲೆ. ವೃತ್ತದ ಬದಲು ಗೋಲ. ಉಳಿದುದೆಲ್ಲ ಇದರ ತೊಡಕುಗಳು. ಆದರೆ ಸ್ವಾರಸ್ಯವಿರುವುದು ತೊಡಕುಗಳಲ್ಲಿಯೇ.

ಮೊದಲನೆಯ ತೊಡಕು ಗಡಿಯಾರದ್ದು. ಬೀರೂರಿನಲ್ಲಿ ನಿಂತ ನಿಮ್ಮ ಗಡಿಯಾರ ಮೂರು ಸೆಕೆಂಡು ಮುಂದಿದ್ದರೆ, ಅಳೆದ ಮೂರು ದೂರಗಳೂ ಒಂದೊಂದು ಕಿಲೋಮೀಟರು ಹೆಚ್ಚಾಗುತ್ತವೆ. ಇಂಥ ತಪ್ಪು ಬೆರೆತ ದೂರವನ್ನು ಶಾಸ್ತ್ರಜ್ಞರು 'ಸೂಡೋರೇಂಜ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ 'ಹುಸಿದೂರ' ಎಂದರೆ ಸಲ್ಲುತ್ತದೆಂದು ನನ್ನ ಮತ. ಹುಸಿದೂರಗಳಿಂದೆಳೆದ ಮೂರು ವೃತ್ತಗಳು ಒಂದು ಬಿಂದುವಿನಲ್ಲಿ ಸೇರುವುದಿಲ್ಲ. ಒಂದರ ಮೇಲೊಂದು ಹಾಯ್ದು ನಡುವೆ ಒಂದು ಸಣ್ಣ ಮುಕ್ಕೋಣವನ್ನು ಉಳಿಸುತ್ತವೆ. ಆದರೆ ಮೂರರಲ್ಲಿಯೂ ತಪ್ಪು ಒಂದೇ ಅಳತೆಯದಲ್ಲವೆ? ಆದುದರಿಂದ ಮೂರು ವೃತ್ತಗಳನ್ನೂ ಸಮನಾಗಿ ಕುಗ್ಗಿಸುತ್ತ ಬಂದರೆ ಒಂದು ಗಳಿಗೆಯಲ್ಲಿ ಮುಕ್ಕೋಣ ಮುಚ್ಚಿಕೊಳ್ಳುತ್ತದೆ. ಆಗ ನಿಮ್ಮ ಸ್ಥಳವೂ ತಿಳಿಯಿತು, ನಿಮ್ಮ ಗಡಿಯಾರ ಎಷ್ಟು ಮುಂದಿತ್ತೆಂಬುದೂ ತಿಳಿಯಿತು! ನೆಲದ ಮೇಲೆ ಇದಕ್ಕೆ ಮೂರು ತೋಪು ಸಾಕು. ಎತ್ತರವೂ ಬೇಕೆಂದಾಗ ನಾಲ್ಕು ಬೇಕು. ಗ್ರಾಹಕಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಕೇಳಿಸಬೇಕೆನ್ನುವುದು ಈ ಕಾರಣದಿಂದ. ಉಪಗ್ರಹದಲ್ಲಿ ಲಕ್ಷಾಂತರ ರೂಪಾಯಿಯ ಪರಮಾಣು ಗಡಿಯಾರವಿದ್ದರೂ ನಿಮ್ಮ ಫೋನಿನಲ್ಲಿ ಅಗ್ಗದ ಗಡಿಯಾರವೇ ಸಾಕಾಗುವುದೂ ಇದೇ ಕಾರಣದಿಂದ.

ಗಡಿಯಾರಕ್ಕೆ ಇಷ್ಟು ಮಹತ್ತ್ವವೇಕೆಂದರೆ, ರೇಡಿಯೋ ಅಲೆ ಶಬ್ದದಂತೆ ನಿಧಾನವಾದುದಲ್ಲ. ಅದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ೩೦೦ ಮೀಟರು ತಪ್ಪಿತು. ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ಒಂದು ಅಡಿ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿ ಭೂಮಿಯ ಸೆಳೆತ ಕಡಿಮೆಯಾದುದರಿಂದ ಗಡಿಯಾರ ತುಸು ಬೇಗ ನಡೆಯುತ್ತದೆ. ಉಪಗ್ರಹದ ವೇಗದಿಂದಾಗಿ ತುಸು ನಿಧಾನವಾಗುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಎರಡು ಮುಖಗಳಿವು. ಕೂಡಿ ಕಳೆದರೆ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ ೩೮ ಪಾಲು ಮುಂದೋಡುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದೂರದ ಅಳತೆಯಲ್ಲಿ ದಿನಕ್ಕೆ ಹನ್ನೊಂದು ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತಿತ್ತು. ಕಡೂರಿನಿಂದ ಅಜ್ಜಂಪುರಕ್ಕೆ ಅರ್ಧಕ್ಕಿಂತ ಹೆಚ್ಚು ದಾರಿ! ಆದುದರಿಂದ ಆ ಗಡಿಯಾರಗಳನ್ನು ನೆಲದಲ್ಲಿಯೇ ಒಂದು ಕೂದಲೆಳೆಯಷ್ಟು ನಿಧಾನಗೊಳಿಸಿ ಮೇಲಕ್ಕೆ ಕಳುಹಿಸುತ್ತಾರೆ. ಐನ್‌ಸ್ಟೈನರ ಸಿದ್ಧಾಂತದಿಂದ ಸಾಮಾನ್ಯರಿಗೇನು ಪ್ರಯೋಜನವೆಂದು ಕೇಳುವವರಿಗೆ ನಾನು ಈಗ ಈ ಉತ್ತರವನ್ನು ಕೊಡುತ್ತಿದ್ದೇನೆ.

ಇನ್ನು ಆ 'ತೋಪಿನ ಸದ್ದು' ಎಂಥದೆಂಬುದನ್ನು ನೋಡೋಣ. ಉಪಗ್ರಹದ ದನಿ ಕೆಲವು ಹತ್ತು ವಾಟುಗಳದು, ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ಇಪ್ಪತ್ತು ಸಾವಿರ ಕಿಲೋಮೀಟರು ಬಂದು ಮುಟ್ಟುವಷ್ಟರಲ್ಲಿ ಅದು ಗ್ರಾಹಕದ ಒಳಗಿನ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಮೇಲಾಗಿ ಎಲ್ಲ ಜಿ.ಪಿ.ಎಸ್. ಉಪಗ್ರಹಗಳೂ ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಹಾಡುತ್ತವೆ. ಇದರಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುವುದು?

ಇಲ್ಲಿ ಛಂದಸ್ಸು ಓದಿದವನಿಗೆ ಸಂತೋಷವಾಗುವ ಉತ್ತರವಿದೆ. ಪ್ರತಿಯೊಂದು ಉಪಗ್ರಹಕ್ಕೂ ಒಂದೊಂದು ಪದ್ಯವನ್ನು ಕೊಟ್ಟಿದ್ದಾರೆ. ಅದರಲ್ಲಿ ೧,೦೨೩ ಅಕ್ಷರಗಳು. ಅರ್ಥವೇನೂ ಇಲ್ಲ, ಸೊನ್ನೆ-ಒಂದುಗಳ, ಎಂದರೆ ಲಘು-ಗುರುಗಳ ಒಂದು ಮಾಲೆ ಮಾತ್ರ. ನೋಡಿದರೆ ಕಣ್ಣುಮುಚ್ಚಿ ಬರೆದಂತಿದೆ, ಆದರೆ ಒಂದರ ಗತಿ ಇನ್ನೊಂದರದರ ಜೊತೆ ಹೊಂದದಂತೆ ಎಣಿಸಿ ರಚಿಸಿದ್ದು. ಉಪಗ್ರಹ ತನ್ನ ಪದ್ಯವನ್ನು ಸೆಕೆಂಡಿಗೆ ಸಾವಿರ ಸಲ ಹಾಡುತ್ತದೆ. ಗ್ರಾಹಕಕ್ಕೆ ಈ ಪದ್ಯಗಳೆಲ್ಲ ಕಂಠಪಾಠ. ಜಾತ್ರೆಯ ಗದ್ದಲದಲ್ಲಿ ದೂರದ ಮಂಟಪದಿಂದ ಗಮಕಿಗಳ ದನಿ ಅಸ್ಪಷ್ಟವಾಗಿ ತೇಲಿಬರುತ್ತದೆ. ಪದ್ಯ ಗೊತ್ತಿಲ್ಲದವನಿಗೆ ಅದು ಬರಿಯ ಗುಂಯ್‌ಗುಟ್ಟುವಿಕೆ. ಬಲ್ಲವನು ತನ್ನಷ್ಟಕ್ಕೆ ಅದೇ ಪದ್ಯವನ್ನು ಗುನುಗುತ್ತ, ಒಂದೊಂದೇ ಅಕ್ಷರ ಹಿಂದುಮುಂದು ಸರಿಸುತ್ತಾನೆ. ಎರಡೂ ಒಂದಕ್ಕೊಂದು ಕೂಡಿದ ಕ್ಷಣದಲ್ಲಿ ದನಿ ಥಟ್ಟನೆ ಎದ್ದುನಿಲ್ಲುತ್ತದೆ. ಗ್ರಾಹಕವೂ ಹಾಗೆಯೇ ಮಾಡುತ್ತದೆ. ಎಷ್ಟು ಸರಿಸಿದಾಗ ಕೂಡಿತೆಂಬುದರಿಂದ ದನಿ ಎಷ್ಟು ತಡವಾಗಿ ಬಂತೆಂಬುದೂ, ತಡದಿಂದ ದೂರವೂ ದೊರೆಯುತ್ತವೆ.

ದೂರ ತಿಳಿದರೆ ಸಾಲದು. ತೋಪು ಎಲ್ಲಿದೆಯೆಂಬುದೂ ತಿಳಿದಿರಬೇಕು. ಕಡೂರು ಕದಲುವುದಿಲ್ಲ; ಉಪಗ್ರಹ ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಮೀಟರು ಓಡುತ್ತದೆ. ಅದಕ್ಕಾಗಿ ಪದ್ಯದ ಬೆನ್ನ ಮೇಲೆಯೇ ಉಪಗ್ರಹಗಳು ತಮ್ಮ ಪಂಚಾಂಗವನ್ನೂ ಹೇಳುತ್ತಿರುತ್ತವೆ. ಇದು ನನ್ನ ಅಲಂಕಾರವಲ್ಲ, ಇಂಗ್ಲಿಷಿನಲ್ಲಿಯೂ ಅದರ ಹೆಸರು 'ಆಲ್ಮನಾಕ್', ಎಂದರೆ ಪಂಚಾಂಗವೇ. ಎಲ್ಲ ಉಪಗ್ರಹಗಳ ಸ್ಥೂಲವಾದ ಗತಿ ಅದರಲ್ಲಿದೆ. ಪೂರ್ತಿ ಕೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. 'ಎಫೆಮೆರಿಸ್' ಎಂಬ ಇನ್ನೊಂದಿದೆ: ಆಯಾ ಉಪಗ್ರಹ ತನ್ನನ್ನು ಕುರಿತು ಮಾತ್ರ ಹೇಳಿಕೊಳ್ಳುವ ಸೂಕ್ಷ್ಮಗಣಿತ; ಕೆಲವು ಗಂಟೆಗಳವರೆಗೆ ಮಾತ್ರ ನೆಚ್ಚತಕ್ಕದ್ದು; ಅರ್ಧ ನಿಮಿಷದಲ್ಲಿ ಕೇಳಿಸಿಕೊಳ್ಳಬಹುದು. ಬಹುಕಾಲ ಮುಚ್ಚಿಟ್ಟ ಗ್ರಾಹಕವನ್ನು ತೆರೆದಾಗ ಅದು ಸ್ಥಳ ಹೇಳಲು ತಡಮಾಡುವುದು ಹಳೆಯ ಪಂಚಾಂಗವನ್ನು ಕಟ್ಟಿಟ್ಟು ಹೊಸದನ್ನು ಕೇಳುತ್ತಿರುವುದರಿಂದ. ಫೋನುಗಳು ಇದನ್ನು ಮೊಬೈಲ್ ಗೋಪುರದ ಮೂಲಕ ಬೇಗನೆ ತರಿಸಿಕೊಂಡುಬಿಡುತ್ತವೆ. ಜಿ.ಪಿ.ಎಸ್. ಕಾಲಗಣನೆ ವಾರಗಳ ಲೆಕ್ಕದಲ್ಲಿದ್ದು, ಮೂಲ ಏರ್ಪಾಡಿನಲ್ಲಿ ೧,೦೨೪ ವಾರ ಮುಗಿದೊಡನೆ ಮತ್ತೆ ಸೊನ್ನೆಗೆ ಬರುತ್ತದೆ. ನಮ್ಮ ಪ್ರಭವ ವಿಭವಾದಿ ಅರುವತ್ತು ಸಂವತ್ಸರಗಳು ತಿರುಗಿ ಬರುವಂತೆ. ೧೯೯೯ರ ಆಗಸ್ಟಿನಲ್ಲಿ ಒಮ್ಮೆ, ೨೦೧೯ರ ಏಪ್ರಿಲಿನಲ್ಲಿ ಮತ್ತೊಮ್ಮೆ ಹಾಗೆ ತಿರುಗಿತು.

ಮತ್ತೆ ನೆಲಕ್ಕೆ ಬರೋಣ. ತೋಪುಗಳು ಯಾವ ದಿಕ್ಕಿನಲ್ಲಿವೆ ಎಂಬುದೂ ಮುಖ್ಯ. ನೀವು ತರೀಕೆರೆಯಲ್ಲಿದ್ದು, ನಿಮಗೆ ಕೇಳಿಸುವ ತೋಪುಗಳು ಬೀರೂರು ಮತ್ತು ಕಡೂರಿನವು ಮಾತ್ರ ಎನ್ನಿ. ಎರಡೂ ಒಂದೇ ಆಗ್ನೇಯ ದಿಕ್ಕಿನಲ್ಲಿವೆ. ಎರಡು ವೃತ್ತಗಳು ಒಂದನ್ನೊಂದು ನೇರವಾಗಿ ಕತ್ತರಿಸದೆ, ಓರೆಯಾಗಿ ಸವರಿಕೊಂಡು ಹೋಗುತ್ತವೆ. ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಕತ್ತರಿಸುವ ಬಿಂದು ಫರ್ಲಾಂಗುಗಟ್ಟಲೆ ಸರಿದುಬಿಡುತ್ತದೆ. ಅದೇ ಒಂದು ಪೂರ್ವಕ್ಕೆ, ಒಂದು ದಕ್ಷಿಣಕ್ಕೆ ಇದ್ದರೆ ಈ ಕಷ್ಟವಿಲ್ಲ. ಗ್ರಾಹಕದ ಪರದೆಯಲ್ಲಿ 'ಡಿ.ಒ.ಪಿ.' ಎಂಬ ಮೂರಕ್ಷರದ ಮುಂದೆ ಒಂದು ಅಂಕೆ ಕಾಣುತ್ತದೆ; ಅದು ಹೇಳುವುದು ಇದನ್ನೇ. ಅಂಕೆ ಸಣ್ಣದಾಗಿದ್ದರೆ ಉಪಗ್ರಹಗಳು ಆಕಾಶದ ತುಂಬ ಚೆನ್ನಾಗಿ ಹರಡಿವೆ. ದೊಡ್ಡದಾದರೆ ಒಂದೇ ಮೂಲೆಯಲ್ಲಿ ಗುಂಪುಗೂಡಿವೆ. ಅಜ್ಜಂಪುರದ ಅಮೃತಮಹಲ್ ಕಾವಲಿನಂಥ ಬಯಲಿನಲ್ಲಿ ನಿಂತರೆ ಗ್ರಾಹಕಕ್ಕೆ ಹಬ್ಬ: ದಿಗಂತದಿಂದ ದಿಗಂತಕ್ಕೆ ಆಕಾಶ. ಕೆಮ್ಮಣ್ಣುಗುಂಡಿಯ ದಾರಿಯ ತಿರುವುಗಳಲ್ಲಿ ನಿಂತರೆ ಬೆಟ್ಟದ ಗೋಡೆಗಳ ನಡುವಿನ ಒಂದು ಸೀಳು ಆಕಾಶವೇ ಗತಿ.

ಬೆಟ್ಟದಿಂದ ಇನ್ನೊಂದು ಉಪದ್ರವವುಂಟು. ಕಲ್ಲತ್ತಿಗಿರಿಯ ಬಂಡೆಗಳ ಬಳಿ ಕೂಗಿದರೆ ಮರುದನಿ ಬರುವಂತೆ, ರೇಡಿಯೋ ಅಲೆಯೂ ಬಂಡೆಗೆ, ಗೋಡೆಗೆ, ನೀರಿಗೆ ತಾಗಿ ಸುತ್ತುದಾರಿಯಲ್ಲಿ ಬಂದು ಸೇರುತ್ತದೆ. ಗ್ರಾಹಕ ಅದನ್ನೇ ನಿಜವೆಂದು ನಂಬಿದರೆ ದೂರ ಹೆಚ್ಚಾಗಿ ತೋರುತ್ತದೆ. ಇದಕ್ಕೆ 'ಮಲ್ಟಿಪಾತ್' ಎನ್ನುತ್ತಾರೆ. ಮರುದನಿದೋಷವೆಂದರೆ ಯಾರಿಗೂ ತಿಳಿಯುತ್ತದೆ. ನೆಲದೊಳಕ್ಕಂತೂ ಈ ದನಿ ಇಳಿಯುವುದೇ ಇಲ್ಲ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗವನ್ನು ಕೊರೆದಿದ್ದಾರಷ್ಟೆ. ಅಂಥ ಸುರಂಗದ ಬಾಯಿಯವರೆಗೆ ಮಾತ್ರ ಉಪಗ್ರಹದ ಸಹಾಯ. ಒಳಗೆ ಕೋನ ಹಿಡಿದು ದೂರ ಅಳೆಯುವ ಹಳೆಯ ವಿದ್ಯೆಯೇ ದಾರಿ ತೋರಿಸಬೇಕು.

ಬಯಲಾದರೂ ದಕ್ಷಿಣ ಭಾರತದವರಿಗೆ ಒಂದು ವಿಶೇಷ ಕಷ್ಟವಿದೆ. ನೆಲದಿಂದ ನೂರಾರು ಕಿಲೋಮೀಟರು ಎತ್ತರದಲ್ಲಿ, ಬಿಸಿಲಿನಿಂದ ವಿದ್ಯುದಾವೇಶಗೊಂಡ ವಾಯುವಿನ ಪದರವಿದೆ. ಅಯಾನುಗೋಲವೆಂದು ಅದರ ಹೆಸರು. ಅದರೊಳಗೆ ಅಲೆ ತಡವಾಗುತ್ತದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯಲ್ಲಿ ಹಾಯುವುದರಿಂದ ಈ ಪದರದ ಏರಿಳಿತ ನಮ್ಮ ಮೇಲೆ ಬಹಳ. ಅದರಲ್ಲಿಯೂ ಸೂರ್ಯಾಸ್ತದ ನಂತರ. ಇದಕ್ಕೆ ಮದ್ದೆಂದರೆ ಎರಡು ಬೇರೆ ಬೇರೆ ತರಂಗಾಂತರಗಳಲ್ಲಿ ಕೇಳುವುದು. ತಡವು ತರಂಗಾಂತರವನ್ನು ಹೊಂದಿಕೊಂಡಿರುವುದರಿಂದ, ಎರಡರ ವ್ಯತ್ಯಾಸದಿಂದ ಪದರದ ಪ್ರಭಾವವನ್ನು ಕಂಡುಹಿಡಿದು ಕಳೆದುಬಿಡಬಹುದು.

ಎತ್ತರದ ವಿಷಯವಂತೂ ನನಗೆ ಬೆರಗನ್ನೇ ತಂದಿತು. ರೈಲ್ವೆ ನಿಲ್ದಾಣದ ಹಳದಿ ಹಲಗೆಯಲ್ಲಿ ಸಮುದ್ರಮಟ್ಟದಿಂದ ಇಷ್ಟು ಎತ್ತರವೆಂದು ಬರೆದಿರುತ್ತದೆ. ಅದರ ಕೆಳಗೆ ನಿಂತು, ತಿದ್ದುಪಡಿ ಮಾಡದ ಗ್ರಾಹಕವನ್ನು ನೋಡಿದರೆ ಎಂಬತ್ತಕ್ಕೂ ಹೆಚ್ಚು ಮೀಟರಿನಷ್ಟು ಕಡಿಮೆ ತೋರಿಸುತ್ತದೆ! ಹಲಗೆಯೂ ಸುಳ್ಳಲ್ಲ, ಗ್ರಾಹಕವೂ ಸುಳ್ಳಲ್ಲ. ಗ್ರಾಹಕ ಎಣಿಸುವುದು ಗಣಿತದವರು ಕಲ್ಪಿಸಿಕೊಂಡ ನುಣುಪಾದ ಅಂಡಾಕಾರದ ಭೂಮಿಯಿಂದ. ನಿಜವಾದ ಸಮುದ್ರದ ಮೈ ಭೂಗರ್ಭದ ತೂಕದ ಏರುಪೇರಿಗನುಗುಣವಾಗಿ ಉಬ್ಬುತಗ್ಗಾಗಿದೆ. ಶ್ರೀಲಂಕೆಯ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಅದು ಕಲ್ಪಿತ ಮೈಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಜಗತ್ತಿನಲ್ಲಿಯೇ ಅತಿ ದೊಡ್ಡ ತಗ್ಗು ಅದು. ಅದು ಉಂಟಾದ ಬಗೆಯನ್ನು ಕುರಿತು ೨೦೨೩ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ಒಂದು ವಿವರಣೆಯನ್ನು ಪ್ರಕಟಿಸಿದರು. ಆ ತಗ್ಗಿನ ಇಳಿಜಾರು ನಮ್ಮ ನಾಡಿನವರೆಗೂ ಚಾಚಿದೆ. ಕೆರೆಗೆ ಕಾಲುವೆ ತೋಡುವವರು ಈ ತಿದ್ದುಪಡಿಯನ್ನು ಮರೆತರೆ ನೀರು ಮರೆಯುವುದಿಲ್ಲ.

ನಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಕರ್ನಲ್ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಾಪನ ಮೈಸೂರು ಸೀಮೆಯನ್ನು ಅಡ್ಡಹಾಯ್ದು ಪಶ್ಚಿಮದ ಕಡಲನ್ನು ಮುಟ್ಟಿತು. ೧೮೦೪ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದರು. ಅವರು ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದರು. ಇಂದಿನವರು ಉಪಗ್ರಹಗಳಿಗೆ ದೂರವನ್ನು ಅಳೆಯುತ್ತಾರೆ. ಮುಕ್ಕೋಣ ಮಾತ್ರ ಅದೇ. ಆದರೆ ಆ ಹಳೆಯ ನಕ್ಷೆಗಳು ಎವರೆಸ್ಟ್ ಸಾಹೇಬರು ೧೮೩೦ರಲ್ಲಿ ಗುಣಿಸಿದ ಭೂಮಿಯ ಆಕಾರವನ್ನು ನಂಬಿವೆ, ಜಿ.ಪಿ.ಎಸ್. ೧೯೮೪ರ ಬೇರೊಂದು ಆಕಾರವನ್ನು. ಈ 'ಡೇಟಮ್' ವ್ಯತ್ಯಾಸವನ್ನು ಸರಿಹೊಂದಿಸದೆ ಒಂದರ ಅಕ್ಷಾಂಶ ರೇಖಾಂಶಗಳನ್ನು ಇನ್ನೊಂದರ ಮೇಲಿಟ್ಟರೆ ಹೊಲವೇ ಪಕ್ಕದ ಹಳ್ಳದಲ್ಲಿ ಬಿದ್ದಂತೆ ಕಂಡರೂ ಕಾಣಬಹುದು.

ಇಷ್ಟೆಲ್ಲ ಪರಾಶ್ರಯದಲ್ಲಿ ಒಂದು ಆತಂಕವುಂಟು: ಗಂಟೆ ಬಾರಿಸುವವನು ಅದನ್ನು ನಿಲ್ಲಿಸಿದರೆ? ಜಿ.ಪಿ.ಎಸ್. ಅಮೆರಿಕದ ಸೈನ್ಯದ ಸೃಷ್ಟಿ. ಅದರ ಮೊದಲ ಉಪಗ್ರಹ ೧೯೭೮ರಲ್ಲಿ ಹಾರಿತು. ೨೦೦೦ನೆಯ ಇಸವಿಯ ಮೇ ತಿಂಗಳವರೆಗೆ ಅವರು ಸಾರ್ವಜನಿಕರಿಗೆ ಕೊಡುವ ದನಿಯಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. ನೂರು ಮೀಟರು ಆಚೀಚೆಯಾಗುವಷ್ಟು. ರಷ್ಯಾ, ಯೂರೋಪು, ಚೀನಾಗಳು ತಂತಮ್ಮ ಗಂಟೆಗಳನ್ನು ಕಟ್ಟಿಕೊಂಡುದು ಸುಮ್ಮನೆ ಅಲ್ಲ. ನಮ್ಮವರೂ ಕಟ್ಟಿದರು. ೨೦೧೩ರ ಜುಲೈ ೧ರಂದು ಮೊದಲ ಉಪಗ್ರಹ ಹಾರಿತು. ಅದಕ್ಕೂ ಮುಂಚೆ ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಇದರ ಕೇಂದ್ರ ಸಿದ್ಧವಾಗಿತ್ತು. ೨೦೧೬ರ ಏಪ್ರಿಲ್ ೨೮ರಂದು ಏಳನೆಯದು ಮೇಲೇರಿದಾಗ ಈ ವ್ಯವಸ್ಥೆಗೆ 'ನಾವಿಕ' ಎಂದು ಹೆಸರಿಟ್ಟರು. ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರಾದರೂ ನಮ್ಮ ಕಿವಿಗೆ ಹಳೆಯ ನಂಟನಂತೆ ಕೇಳುತ್ತದೆ. ಈ ಉಪಗ್ರಹಗಳು ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ, ಭೂಮಿಯ ತಿರುಗುವಿಕೆಗೆ ಹೆಜ್ಜೆಹಾಕುತ್ತ, ಯಾವಾಗಲೂ ನಮ್ಮ ಆಕಾಶವನ್ನೇ ಕಾಯುವಂತೆ ಏರ್ಪಾಡಾಗಿದೆ. ಕೆಲವು ಸ್ಥಿರವಾಗಿ ತೋರುತ್ತವೆ. ಉಳಿದುವು ದಿನಕ್ಕೊಮ್ಮೆ ಆಕಾಶದಲ್ಲಿ ಇಂಗ್ಲಿಷಿನ ಎಂಟರ ಅಂಕೆಯನ್ನು ಬರೆಯುತ್ತವೆ. ಅವುಗಳ ಆರೋಗ್ಯವನ್ನು ನೋಡಿಕೊಳ್ಳುವ ಮುಖ್ಯ ನೆಲೆ ನಮ್ಮ ನೆರೆಯ ಹಾಸನ.

ಆದರೆ ಪೆಟ್ಟು ಬಿದ್ದುದು ಗಡಿಯಾರಕ್ಕೆ. ಹೊರದೇಶದಿಂದ ತರಿಸಿದ ರುಬಿಡಿಯಂ ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರಕ್ಕೆ ಮೂರೂ ನಿಂತುಹೋದುವು. ಬದಲಿಗೆ ೨೦೧೭ರ ಆಗಸ್ಟಿನಲ್ಲಿ ಹಾರಿಸಿದ ಉಪಗ್ರಹ ತನ್ನ ಮುಚ್ಚಳ ಕಳಚದೆ ಒಳಗೇ ಉಳಿಯಿತು. ೨೦೨೩ರ ಮೇ ೨೯ರಂದು ಹಾರಿದ ಹೊಸ ಪೀಳಿಗೆಯ ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಪರಮಾಣು ಗಡಿಯಾರವಿತ್ತು. ಅದು ಹೆಮ್ಮೆಯ ದಿನ. ೨೦೨೫ರ ಜನವರಿಯಲ್ಲಿ ಅದರ ತಮ್ಮನನ್ನು ಕಳುಹಿಸಿದಾಗ ಒಂದು ಕವಾಟ ತೆರೆಯದೆ, ಅದು ತನ್ನ ಕಕ್ಷೆಯನ್ನು ಸೇರಲಿಲ್ಲ. ಅದೇ ವರ್ಷ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅದುವರೆಗೆ ಹಾರಿಸಿದ ಹನ್ನೊಂದರಲ್ಲಿ ಸ್ಥಾನನಿರ್ಣಯಕ್ಕೆ ಒದಗುತ್ತಿದ್ದುವು ನಾಲ್ಕೇ. ನಾಲ್ಕು ಎಂದರೆ ಏನೆಂಬುದು ಈಗ ಓದುಗರಿಗೆ ಗೊತ್ತಿದೆ: ಒಂದು ಕಳೆದರೆ ಮುಕ್ಕೋಣ ಮುಚ್ಚುವುದಿಲ್ಲ. ಇದನ್ನು ಬಚ್ಚಿಟ್ಟು ಬರಿಯ ಜಯಘೋಷ ಮಾಡುವುದು ನನಗೆ ಸರಿತೋರುವುದಿಲ್ಲ.

ತೋಟದಲ್ಲಿ ಕೋಲೂರಿ ನಿಂತ ಭೂಮಾಪಕರನ್ನು ಬಹಳ ಹೊತ್ತು ಕಾಯಿಸಿದೆ. ಅವರ ಗ್ರಾಹಕ ಫೋನಿನಂತೆ ನಾಲ್ಕೈದು ಮೀಟರಿನ ಲೆಕ್ಕದ್ದಲ್ಲ. ಒಂದೆರಡು ಅಂಗುಲದ ಲೆಕ್ಕದ್ದು. ಅದಕ್ಕೆ ಪದ್ಯದ ಅಕ್ಷರಗಳನ್ನು ಹೊಂದಿಸಿದರೆ ಸಾಲದು. ಪದ್ಯವನ್ನು ಹೊತ್ತು ತರುವ 'ಕ್ಯಾರಿಯರ್' ಅಲೆಯನ್ನೇ ಅಳೆಯಬೇಕು. ಜಿ.ಪಿ.ಎಸ್. ಮುಖ್ಯ ಅಲೆಯ ಉದ್ದ ೧೯ ಸೆಂಟಿಮೀಟರು, ಒಂದು ಗೇಣಿಗಿಂತ ಚೂರು ಕಡಿಮೆ. ಅಲೆಯ ಎಷ್ಟನೆಯ ಪಾಲು ಬಂದು ಮುಟ್ಟಿತೆಂಬುದನ್ನು ಗ್ರಾಹಕ ಕೂದಲಿನಷ್ಟು ಸೂಕ್ಷ್ಮವಾಗಿ ಹೇಳಬಲ್ಲುದು. ಆದರೆ ಎಷ್ಟು ಪೂರ್ತಿ ಅಲೆಗಳು ನಡುವೆ ಇವೆಯೆಂಬುದು ಅದಕ್ಕೆ ತಿಳಿಯದು. ನಮ್ಮ ಹಳೆಯ ಅಳತೆಯಲ್ಲಿ ಹೇಳುವುದಾದರೆ, ೩೩ ಅಡಿಯ ಸರಪಳಿಗೆ ಹದಿನಾರು ಆಣೆ. ಅಳೆದವನು ಬಂದು "ಕೊನೆಗೆ ಒಂಬತ್ತು ಆಣೆ ಸರಿಯಾಗಿ ಬಂತು, ಆದರೆ ಎಷ್ಟು ಸರಪಳಿ ಎಳೆದೆನೋ ಮರೆತೆ" ಎಂದಂತೆ! ಆ ಮರೆತ ಸಂಖ್ಯೆಯನ್ನು ಹುಡುಕುವುದಕ್ಕೆ ಇನ್ನೊಬ್ಬರ ನೆರವು ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯವರು ನಾಡಿನಲ್ಲಿ ಅಲ್ಲಲ್ಲಿ ಶಾಶ್ವತ ಗ್ರಾಹಕಗಳನ್ನು ನೆಟ್ಟಿದ್ದಾರೆ. ಅವುಗಳ ಸ್ಥಾನ ಮೊದಲೇ ಖಚಿತವಾಗಿ ಗೊತ್ತಿರುವುದರಿಂದ, ಈ ಗಳಿಗೆಯಲ್ಲಿ ಆಕಾಶದ ದನಿಯಲ್ಲಿ ಎಷ್ಟು ತಪ್ಪಿದೆಯೆಂದು ಅವು ಕಂಡುಕೊಂಡು, ಮೊಬೈಲಿನ ಮೂಲಕ ಕೋಲಿನ ಗ್ರಾಹಕಕ್ಕೆ ತಿಳಿಸುತ್ತವೆ. ಮರೆತ ಸಂಖ್ಯೆ ಸಿಕ್ಕಿದೊಡನೆ ಪರದೆಯಲ್ಲಿ 'ಫಿಕ್ಸ್' ಎಂದು ಬರುತ್ತದೆ. ಸಿಗುವವರೆಗೆ 'ಫ್ಲೋಟ್', ಎಂದರೆ ಇನ್ನೂ ತೇಲುತ್ತಿದೆ.

ನಮ್ಮ ತೋಟದಲ್ಲಿ ತೇಲುತ್ತಲೇ ಇತ್ತು. ಮೇಲೆ ಅಡಿಕೆಯ ಹೆಡೆಗಳ ಚಪ್ಪರ. ಹಸಿ ಎಲೆಗಳಲ್ಲಿ ಆ ಕ್ಷೀಣವಾದ ದನಿ ಇಂಗಿಹೋಗುತ್ತಿತ್ತು. ಭೂಮಾಪಕರು ತೋಟದಿಂದ ಹೊರಬಂದು, ಪಕ್ಕದ ಈರುಳ್ಳಿ ಹೊಲದ ಬಯಲಿನಲ್ಲಿ ಕೋಲು ಊರಿದರು. ಅರೆನಿಮಿಷದಲ್ಲಿ ಫಿಕ್ಸ್ ಬಂತು. ಅಲ್ಲಿಂದ ಎರಡು ಗುರುತುಗಳನ್ನು ಸಾಧಿಸಿ, ಈಶಾನ್ಯ ಮೂಲೆಯಲ್ಲಿ ಉಳಿದಿದ್ದ ಹಳೆಯ ಕಲ್ಲಿಗೆ ತಾಳೆ ನೋಡಿದರು. ಆಮೇಲೆ ಟಿಪ್ಪಣಿ ಪುಸ್ತಕದ ನಕಲನ್ನು ಬಿಡಿಸಿದರು. ಆ ಕಲ್ಲಿನಿಂದ ಕಾಣೆಯಾದ ಕಲ್ಲಿಗೆ ನಾಲ್ಕು ಸರಪಳಿ ಒಂಬತ್ತು ಆಣೆ ಎಂದು ಅದರಲ್ಲಿತ್ತು. ಆಕಾಶದ ಗಡಿಯಾರಗಳು ನಾವೆಲ್ಲಿ ನಿಂತಿದ್ದೇವೆಂಬುದನ್ನು ಹೇಳಿದುವು. ಕಲ್ಲು ಎಲ್ಲಿರಬೇಕೆಂಬುದನ್ನು ಹೇಳಲು ಯಾವ ಕಾಲದಲ್ಲಿಯೋ ಬಿಸಿಲಿನಲ್ಲಿ ಸರಪಳಿ ಎಳೆದ ಒಬ್ಬ ಮೋಜಣಿದಾರನೇ ಬರಬೇಕಾಯಿತು. ತೋಟದೊಳಗೆ ಟೇಪು ಹಿಡಿದು ಲೆಕ್ಕ ಹಾಕಿ, ಒಂದು ಕಡೆ ಸುಣ್ಣದ ಚುಕ್ಕೆ ಇಟ್ಟರು.

"ಇಲ್ಲಿ ಅಗೀರಿ" ಎಂದರು.

ಮೊಣಕಾಲುದ್ದ ಅಗೆದರೂ ಏನೂ ಸಿಗಲಿಲ್ಲ. ದಾಯಾದಿಯ ಮಗ ಮುಸಿಮುಸಿ ನಕ್ಕ. ಭೂಮಾಪಕರು ವಿಚಲಿತರಾಗದೆ, "ಸರಪಳಿ ಕಾಲದ ಅಳತೆ, ಒಂದು ಮೊಳ ಆ ಕಡೆ ಈ ಕಡೆ ಇರ್ತದೆ, ಅಗಲ ಮಾಡಿ" ಎಂದರು. ಗುಳಿಯನ್ನು ಪಶ್ಚಿಮಕ್ಕೆ ಬಿಡಿಸುತ್ತಿದ್ದಂತೆ ಗುದ್ದಲಿ ಠಣ್ಣೆಂದಿತು. ಚುಕ್ಕೆಯಿಂದ ಒಂದು ಮೊಳ ದೂರದಲ್ಲಿ, ಓರೆಯಾಗಿ ಮಲಗಿದ್ದ ಚಪ್ಪಡಿಯ ತಲೆ ಕಾಣಿಸಿತು. ಅದರ ಮೇಲೆ ಕೆತ್ತಿದ ಗುರುತು ಮಣ್ಣು ತುಂಬಿಕೊಂಡು ಹಾಗೆಯೇ ಇತ್ತು. ಯಾರೂ ಕಿತ್ತಿರಲಿಲ್ಲ. ಹಳ್ಳದ ಮಣ್ಣು ಬಂದು ಮುಚ್ಚಿತ್ತು.

ಭೂಮಾಪಕರು ಅಲ್ಲಿಂದ ದಾರವನ್ನು ಎಳೆಸಿದರು. ಹನ್ನೊಂದು ಮರಗಳಲ್ಲಿ ಎಂಟು ದಾರದ ಆಚೆಗೆ ಬಿದ್ದುವು, ಈಚೆಗೆ ಮೂರು. ದೊಡ್ಡಪ್ಪ ದಾರದ ಉದ್ದಕ್ಕೂ ಒಮ್ಮೆ ನಡೆದುಹೋಗಿ, ಒಮ್ಮೆ ನಡೆದುಬಂದು, ಹೆಗಲ ಮೇಲಿನ ಟವಲನ್ನು ತೆಗೆದು ಮುಖ ಒರೆಸಿಕೊಂಡರು. ಒಂಬತ್ತು ವರ್ಷಗಳ ಮೇಲೆ ಮೊದಲ ಮಾತು ಅವರದೇ.

"ಎಂಟೂ ನಿಂದೇ ಕಣಯ್ಯ. ಎಳನೀರು ಕೆಡವಬೇಕು ಅಂದ್ರೆ ಇನ್ನು ನಿನ್ನ ಕೇಳಬೇಕು."

"ಕೇಳೋದೇನಣ್ಣ" ಎಂದರು ಅವರು, ನೆಲ ನೋಡುತ್ತ. "ಬಂದವರಿಗೆ ಬಾಯಾರಿರ್ತದೆ, ಹತ್ತಿಸು."

ದೊಡ್ಡಪ್ಪ ಮರ ಹತ್ತುವವನನ್ನು ಕರೆತರಲು ನನ್ನನ್ನೇ ಅಟ್ಟಿದರು.